ವಿಡಿಯೋ ಫೈಲನ್ನು ಡಿವಿಡಿಗೆ ಇಳಿಸಿ ಮನೆಯಲ್ಲಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿರುವ ನನಗೆ ವರ್ಷದಲ್ಲಿ ಎರಡು ಸಲ ಬಿಡುವಿಲ್ಲದೆ ಫೋನು ಬರುತ್ತದೆ. ಒಂದು, ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ. ಇನ್ನೊಂದು, ರಜೆಗೆ ಊರಿಗೆ ಬಂದ ಮಕ್ಕಳು ಕೊಲ್ಲಿಗೆ ಮರಳುವ ಹೊತ್ತಿಗೆ. ಎಲ್ಲರ ಬೇಡಿಕೆಯೂ ಒಂದೇ: ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ಇರುವ ಯಕ್ಷಗಾನದ ಆಟ, ಮದುವೆ, ಉಪನಯನ, ಭೂತದ ನೇಮ, ಇವನ್ನು ಮನೆಯ ಹಿರಿಯರು ಟಿವಿಯಲ್ಲಿ ನೋಡುವಂತಾಗಬೇಕು. ಕುಂಬಳೆ, ಪೆರ್ಲ, ಮುಳ್ಳೇರಿಯಾ, ಉಪ್ಪಳ ಕಡೆಯ ಮನೆಗಳಿಂದ ಬಂದ ಪ್ರಶ್ನೆಗಳಿಗೆ ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲವನ್ನೂ ಮೊಬೈಲಿನಲ್ಲೇ ನೋಡುವ ಕಾಲದಲ್ಲಿ ಡಿಸ್ಕ್ ಏಕೆ ಬೇಕು?

ನಿಮಗೆ ಬೇಡದಿರಬಹುದು, ನಮ್ಮ ದೊಡ್ಡಮ್ಮನಿಗೆ ಬೇಕು. ಅವರಿಗೆ ಎಂಬತ್ತು ದಾಟಿದೆ. ಚಾವಡಿಯಲ್ಲಿ ಟಿವಿ ಇದೆ, ಅದರ ಕೆಳಗೆ ಡಿವಿಡಿ ಪ್ಲೇಯರ್ ಇದೆ. ಯಾವ ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬರುತ್ತದೆ, ಯಾವುದನ್ನು ಒತ್ತಿದರೆ ಆಟ ಶುರುವಾಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಅವರಿಗೆ ಕಿರೀಟ ಯಾವುದು, ಪಗಡಿ ಯಾವುದು ಎಂದು ತಿಳಿಯುವುದಿಲ್ಲ. ಗುಡ್ಡದ ಬದಿಯ ಮನೆಗಳಲ್ಲಿ ಆಟಿಯ ಮಳೆ ಹಿಡಿದರೆ ನೆಟ್‌ವರ್ಕ್ ಸಿಗುವುದೂ ಕಷ್ಟ. ಅಂಥ ಮಧ್ಯಾಹ್ನಗಳಲ್ಲಿ ಯಾರನ್ನೂ ಕರೆಯದೆ ತಾವೇ ಹಾಕಿಕೊಂಡು ನೋಡುವ ಒಂದು ಡಿಸ್ಕ್ ಅವರ ಕೈಯಲ್ಲಿ ಇರಬೇಕು. ನಾನು ಮಾಡುವ ಪ್ರತಿ ಡಿಸ್ಕನ್ನೂ ದೊಡ್ಡಮ್ಮ ಒಬ್ಬರೇ ಮನೆಯಲ್ಲಿದ್ದಾರೆ ಎಂದುಕೊಂಡೇ ಮಾಡುತ್ತೇನೆ. ಕೆಳಗಿನ ಎಷ್ಟೋ ಉತ್ತರಗಳು ಆ ಯೋಚನೆಯಿಂದಲೇ ಹುಟ್ಟಿದವು.

ಎಂಪಿ4 ಫೈಲನ್ನು ಡಿಸ್ಕಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಓಡುತ್ತದೆ, ಪ್ಲೇಯರ್ ಮಾತ್ರ ಓದುತ್ತಿಲ್ಲ. ಡಿಸ್ಕ್ ಹಾಳೇ?

ಡಿಸ್ಕ್ ಸರಿಯಾಗಿಯೇ ಇದೆ. ನೀವು ಮಾಡಿದ್ದು ಡೇಟಾ ಡಿಸ್ಕ್. ಪ್ಲೇಯರ್ ಹುಡುಕುತ್ತಿರುವುದು ವಿಡಿಯೋ ಡಿಸ್ಕ್.

ಡಿವಿಡಿ ಪ್ಲೇಯರುಗಳು ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಮೊದಲು ಜಪಾನಿನಲ್ಲಿ. ಆ ಕಾಲದ ಚಿಪ್ಪಿಗೆ ನಿಭಾಯಿಸಲು ಸಾಧ್ಯವಿದ್ದ ಎಂಪೆಗ್-2 ಎಂಬ ಪದ್ಧತಿಯನ್ನೇ ಡಿವಿಡಿಗೆ ಕಡ್ಡಾಯ ಮಾಡಿದರು. ಇಂದಿನ ಮೊಬೈಲುಗಳು ಬಳಸುವ ಎಚ್.264 ಬಂದದ್ದು 2003ರಲ್ಲಿ, ಎಚ್.265 ಅದಕ್ಕೂ ಹತ್ತು ವರ್ಷ ತಡವಾಗಿ. ಪ್ಲೇಯರ್ ಕಲಿತಿರದ ಭಾಷೆಯಲ್ಲಿ ನಾವು ಮಾತನಾಡಿದರೆ ಅದಕ್ಕೆ ಅರ್ಥವಾಗುವುದು ಹೇಗೆ?

ಅದಕ್ಕೆ ಅರ್ಥವಾಗುವುದು ಇಷ್ಟು. ಚಿತ್ರ ಎಂಪೆಗ್-2ರಲ್ಲಿ ಇರಬೇಕು. ಅಳತೆ 720 ಗುಣಿಸು 576, ಸೆಕೆಂಡಿಗೆ 25 ಚಿತ್ರ. ಧ್ವನಿ 48 ಕಿಲೋಹರ್ಟ್ಸ್‌ನಲ್ಲಿ, ಡಾಲ್ಬಿ ಡಿಜಿಟಲ್ ಅಥವಾ ಅದಕ್ಕೆ ಒಪ್ಪುವ ಇನ್ನೆರಡು ಬಗೆಗಳಲ್ಲಿ. ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಾಣಬೇಕು. ಅದರೊಳಗೆ ‘ವಿಓಬಿ’ ಎಂದು ಮುಗಿಯುವ, ತಲಾ ಒಂದು ಜಿಬಿಯನ್ನು ಮೀರದ ತುಂಡುಗಳಿರುತ್ತವೆ. ಚಿತ್ರ ಮತ್ತು ಧ್ವನಿ ಇರುವುದು ಇವುಗಳಲ್ಲಿ. ಯಾವ ತುಂಡಿನ ನಂತರ ಯಾವುದು ಎಂದು ಪ್ಲೇಯರಿಗೆ ಹೇಳುವ ಚಿಕ್ಕ ಫೈಲುಗಳು ‘ಐಎಫ್‌ಓ’. ಅವುಗಳ ನಕಲು ‘ಬಿಯುಪಿ’; ಗೀರು ಬಿದ್ದು ಮೊದಲನೆಯದು ಓದಲು ಬಾರದಿದ್ದರೆ ಇದು ನೆರವಿಗೆ ಬರುತ್ತದೆ.

ಹಾಗಾಗಿ ಕೆಲಸ ಮೂರು ಹಂತದ್ದು: ಫೈಲನ್ನು ಎಂಪೆಗ್-2ಕ್ಕೆ ಪರಿವರ್ತಿಸುವುದು, ಆ ಫೋಲ್ಡರಿನ ರೂಪಕ್ಕೆ ಜೋಡಿಸುವುದು, ಆಮೇಲೆ ಬರ್ನ್ ಮಾಡುವುದು, ಎಂದರೆ ಲೇಸರಿನಿಂದ ಡಿಸ್ಕಿಗೆ ಬರೆಯುವುದು. ಹೆಚ್ಚಿನವರು ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಮಾಡಿರುತ್ತಾರೆ.

ನಮ್ಮ ಪ್ಲೇಯರಿಗೆ ಪೆನ್‌ಡ್ರೈವ್ ಚುಚ್ಚುವ ಜಾಗವಿದೆ. ಅದು ಸಾಕಲ್ಲವೇ?

ಸಾಕಾಗಬಹುದು. ಪ್ಲೇಯರಿನ ಮುಖದ ಮೇಲೆ ಡಿವ್‌ಎಕ್ಸ್ ಎಂಬ ಗುರುತಿದ್ದರೆ ಹಳೆಯ ಬಗೆಯ ಎವಿಐ ಫೈಲುಗಳು ಓಡುತ್ತವೆ. ಮೊಬೈಲಿನ ಎಂಪಿ4 ಹೆಚ್ಚಿನ ಡಿವಿಡಿ ಪ್ಲೇಯರುಗಳಲ್ಲಿ ಓಡುವುದಿಲ್ಲ. ಹೊಸ ಟಿವಿಯಾದರೆ ಟಿವಿಗೇ ಪೆನ್‌ಡ್ರೈವ್ ಚುಚ್ಚಿ ನೋಡಿ. ಓಡಿದರೆ ಈ ಪುಟದ ಉಳಿದ ಭಾಗ ನಿಮಗೆ ಬೇಕಿಲ್ಲ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ ನಾಲ್ಕು ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ ಎಂಬುದು ನೆನಪಿರಲಿ.

ಒಂದು ಡಿಸ್ಕಿನಲ್ಲಿ ಎಷ್ಟು ಹೊತ್ತಿನ ವಿಡಿಯೋ ಹಿಡಿಸುತ್ತದೆ?

ಎಷ್ಟು ಹೊತ್ತಿನದನ್ನೂ ತುರುಕಬಹುದು, ತುರುಕಿದಷ್ಟೂ ಚಿತ್ರ ಕೆಡುತ್ತದೆ. ಲೆಕ್ಕ ಸುಲಭ, ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಸಾಧಾರಣ ಡಿಸ್ಕಿನ ಅಳತೆ 4.7 ಜಿಬಿ. ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಸಿಟ್ಟಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ 4.7 ಜಿಬಿ ಎಂದರೆ 37,600 ಮೆಗಾಬಿಟ್. ಎರಡು ಗಂಟೆ ಎಂದರೆ 7,200 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 5.2 ಮೆಗಾಬಿಟ್. ಧ್ವನಿಗೆ 0.2 ತೆಗೆದು, ಜೋಡಣೆಯ ಖರ್ಚಿಗೆ ಇನ್ನಷ್ಟು ಬಿಟ್ಟರೆ ಚಿತ್ರಕ್ಕೆ 4.8ರಷ್ಟು ಉಳಿಯುತ್ತದೆ. ಒಂದೂವರೆ ಗಂಟೆಯದ್ದಾದರೆ 6.5 ಸಿಗುತ್ತದೆ, ಮೂರು ಗಂಟೆಯದ್ದಾದರೆ ಬರೇ 3.1. ಒಂದೇ ಗಂಟೆಯದ್ದಾದರೆ ಹತ್ತು ಸಿಗುವಂತೆ ಕಾಣುತ್ತದೆ, ಆದರೆ ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 9.8ರ ಮಿತಿಯಿದೆ. ನಾನು ಎಂಟಕ್ಕಿಂತ ಮೇಲೆ ಹೋಗುವುದಿಲ್ಲ, ಹಳೆಯ ಪ್ಲೇಯರುಗಳು ಅಲ್ಲಿ ಮುಗ್ಗರಿಸುತ್ತವೆ.

ಮದುವೆಗೆ ಒಂದು ಡಿಸ್ಕಿಗೆ ಎರಡು ಗಂಟೆ ಹಾಕಬಹುದು. ಆಟಕ್ಕೆ ಒಂದೂವರೆ ಗಂಟೆ ದಾಟಿಸಬೇಡಿ. ಹಾಗೆ ನೋಡಿದರೆ ಆರು ಗಂಟೆಯ ಕಾಲಮಿತಿ ಯಕ್ಷಗಾನಕ್ಕೆ ನಾಲ್ಕು ಡಿಸ್ಕ್, ಬೆಳಗಿನವರೆಗಿನ ಒಂಬತ್ತು ಗಂಟೆಯ ಆಟಕ್ಕೆ ಆರು ಡಿಸ್ಕ್ ಬೇಕು. ಇಡೀ ರಾತ್ರಿಯ ಆಟವನ್ನು ಎರಡು ಡಿಸ್ಕಿಗೆ ಹಾಕಿಕೊಡಿ ಎಂದು ಕೇಳುವವರಿಗೆ ನಾನು ಆಗುವುದಿಲ್ಲ ಎಂದೇ ಹೇಳುತ್ತೇನೆ.

ಡಿಸ್ಕ್ ಬದಲಾಗುವ ಜಾಗವನ್ನು ನಿಮಿಷ ನೋಡಿ ಕತ್ತರಿಸಬೇಡಿ. ಭಾಗವತರು ಪದ ಎತ್ತಿದ್ದಾರೆ, ವೇಷಧಾರಿ ಅರ್ಥ (ಪದಕ್ಕೆ ತಕ್ಕ ಮಾತು) ಹೇಳಲು ಹೊರಟಿದ್ದಾರೆ, ಅಷ್ಟರಲ್ಲಿ ಪರದೆ ಕಪ್ಪಾದರೆ ನೋಡುವವರಿಗೆ ಊಟದ ಮಧ್ಯೆ ಎಲೆ ಎಳೆದಂತಾಗುತ್ತದೆ. ಒಂದು ಸಂದರ್ಭ ಮುಗಿದು ರಂಗಸ್ಥಳ ಖಾಲಿಯಾಗುವ ಕ್ಷಣ ಹುಡುಕಿ, ಅಲ್ಲಿ ತುಂಡು ಮಾಡಿ. ಒಂದು ಡಿಸ್ಕ್ 80 ನಿಮಿಷ, ಇನ್ನೊಂದು 95 ಆದರೂ ಅಡ್ಡಿಯಿಲ್ಲ.

ಮದುವೆ ವಿಡಿಯೋ ಚೆನ್ನಾಗಿ ಬರುತ್ತದೆ. ಅದೇ ಸೆಟ್ಟಿಂಗಿನಲ್ಲಿ ಯಕ್ಷಗಾನ ಮಾಡಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಏಕೆ?

ಇದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ಎಂಪೆಗ್ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಂದು ಪೂರ್ತಿ ಚಿತ್ರ ಇಟ್ಟು, ಮಧ್ಯದ್ದಕ್ಕೆಲ್ಲ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ’ ಎಂದಷ್ಟೇ ಬರೆದುಕೊಳ್ಳುತ್ತದೆ. ಮಂಟಪದಲ್ಲಿ ವಧೂವರರು ಕುಳಿತಿದ್ದಾರೆ, ಪುರೋಹಿತರ ಕೈ ಮಾತ್ರ ಆಡುತ್ತಿದೆ. ಬರೆದುಕೊಳ್ಳಲು ಹೆಚ್ಚೇನಿಲ್ಲ. ಈಗ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಪುಂಡುವೇಷ (ಎಳೆಯ ವೀರನ ಪಾತ್ರ) ದಿಗಿಣ (ಸುತ್ತು ಹಾರುವ ಕುಣಿತ) ಹಾರುತ್ತಾ ರಂಗಸ್ಥಳವನ್ನು ಸುತ್ತುವುದನ್ನು ನೆನೆಸಿಕೊಳ್ಳಿ. ಪ್ರತಿ ಚಿತ್ರದಲ್ಲೂ ಎಲ್ಲವೂ ಬದಲು. ಸೆಕೆಂಡಿಗೆ ಇಷ್ಟೇ ಬಿಟ್ ಎಂದು ನೀವು ಕಟ್ಟಿಹಾಕಿದ್ದೀರಿ. ಸಾಲದೇ ಹೋದಾಗ ಅದು ಚಿತ್ರದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಚಿತ್ರವನ್ನು ಅದು ಎಂಟು ಗುಣಿಸು ಎಂಟರ ಮನೆಗಳಾಗಿ ಕತ್ತರಿಸಿ ಕೆಲಸ ಮಾಡುವುದರಿಂದ ಆ ಮನೆಗಳ ಅಂಚು ಕಣ್ಣಿಗೆ ಬೀಳುತ್ತದೆ. ನೀವು ಕಾಣುತ್ತಿರುವ ಚೌಕಗಳು ಅವೇ.

ಕತ್ತಲೆಯಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳೂ ಹೀಗೆಯೇ ಬಿಟ್ ತಿನ್ನುತ್ತವೆ. ಅವು ಪ್ರತಿ ಕ್ಷಣ ಜಾಗ ಬದಲಿಸುತ್ತವೆ, ಎಂಪೆಗ್ ಅದನ್ನೂ ಬದಲಾವಣೆ ಎಂದೇ ಬರೆದುಕೊಳ್ಳುತ್ತದೆ.

ನನ್ನ ಪರೀಕ್ಷೆ ಒಂದೇ. ಬಣ್ಣದ ವೇಷ (ರಾಕ್ಷಸ ಪಾತ್ರ) ತೆರೆಕುಣಿತ (ತೆರೆಯ ಹಿಂದಿನ ಕುಣಿತ) ಮುಗಿಸಿ ದೊಂದಿಯ (ಪಂಜಿನ) ನಡುವೆ ಬರುವ ಜಾಗವನ್ನು ಹುಡುಕುತ್ತೇನೆ. ರಾಳದ ಪುಡಿ ಎರಚುತ್ತಾರೆ, ಬೆಂಕಿ ಭುಗಿಲ್ಲೆಂದು ಇಡೀ ಪರದೆ ಒಮ್ಮೆಗೆ ಬಿಳುಪಾಗಿ ಮತ್ತೆ ಕಪ್ಪಾಗುತ್ತದೆ. ಅದೇ ಹೊತ್ತಿಗೆ ವೇಷದ ಮುಖ ಹತ್ತಿರದಲ್ಲಿರುತ್ತದೆ. ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚುಟ್ಟಿಯ ಸಾಲು ನೋಡಿ. ಚಿತ್ರಕ್ಕೆ 3 ಮೆಗಾಬಿಟ್ ಕೊಟ್ಟಾಗ ಆ ಸಾಲು ಸುಣ್ಣ ಬಳಿದ ಗೋಡೆಯಂತೆ ಒಂದೇ ಬಿಳಿ ಪಟ್ಟಿಯಾಗುತ್ತದೆ. 6.5 ಕೊಟ್ಟಾಗ ಮುಳ್ಳು ಮುಳ್ಳಾಗಿ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಆ ಕಲಾವಿದರು ಬಣ್ಣ ಹಾಕುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಇಟ್ಟುಕೊಂಡ ಚುಟ್ಟಿ ಅದು. ಒಂದು ಡಿಸ್ಕಿನ ದುಡ್ಡು ಉಳಿಸಲು ಅದನ್ನು ಅಳಿಸುವುದು ನನ್ನಿಂದಾಗದು.

ಸಾಫ್ಟ್‌ವೇರಿನಲ್ಲಿ ‘ಎರಡು ಪಾಸ್’ ಎಂಬ ಆಯ್ಕೆ ಇದ್ದರೆ ತಪ್ಪದೆ ಬಳಸಿ. ಮೊದಲ ಸಲ ಇಡೀ ವಿಡಿಯೋ ನೋಡಿ ಎಲ್ಲಿ ಕುಣಿತ ಹೆಚ್ಚು, ಎಲ್ಲಿ ಮಾತು ಹೆಚ್ಚು ಎಂದು ತಿಳಿದುಕೊಂಡು, ಎರಡನೆಯ ಸಲ ಅರ್ಥಗಾರಿಕೆಯ ಜಾಗದಲ್ಲಿ ಉಳಿಸಿ ಕುಣಿತದ ಜಾಗದಲ್ಲಿ ಖರ್ಚು ಮಾಡುತ್ತದೆ. ಸಮಯ ಇಮ್ಮಡಿ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿ.

ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯದ್ದು ಇದಕ್ಕೆ ತಿರುಗಾಮುರುಗಾ. ಅರ್ಥಧಾರಿಗಳು ಕುಳಿತೇ ಇರುತ್ತಾರೆ, ಚಿತ್ರ ಅಲುಗುವುದಿಲ್ಲ. ಮೂರು ಗಂಟೆಯನ್ನು ಒಂದು ಡಿಸ್ಕಿಗೆ ಧೈರ್ಯವಾಗಿ ಹಾಕಬಹುದು. ಅಲ್ಲಿ ಧ್ವನಿಯ ಕಡೆ ಗಮನ ಕೊಡಿ: 256 ಕಿಲೋಬಿಟ್‌ಗಿಂತ ಕೆಳಗಿಳಿಸಿದರೆ ಜಾಗಟೆ ಮತ್ತು ಚಕ್ರತಾಳದ ನಾದದ ಬಾಲ ನೀರಿನೊಳಗಿಂದ ಕೇಳಿದಂತೆ ಆಗುತ್ತದೆ.

ಚೆಂಡೆಯ ಪೆಟ್ಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಶುರುವಿನಲ್ಲಿ ಸರಿಯಿತ್ತು!

ಮೊಬೈಲಿನಲ್ಲಿ ತೆಗೆದ ವಿಡಿಯೋ ಇರಬೇಕು. ಮೊಬೈಲ್ ಸೆಕೆಂಡಿಗೆ 30 ಚಿತ್ರ ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ 24ಕ್ಕೋ 20ಕ್ಕೋ ಇಳಿಸಿ, ಬೆಳಕು ಬಂದಾಗ ಮತ್ತೆ ಏರಿಸುತ್ತದೆ. ಡಿವಿಡಿಗೆ ಆ ಏರಿಳಿತ ಗೊತ್ತಿಲ್ಲ, ಅದು ಒಂದೇ ನಡೆಯಲ್ಲಿ 25 ಚಿತ್ರ ಕೇಳುತ್ತದೆ. ಕೆಲವು ಸಾಫ್ಟ್‌ವೇರುಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪರಿವರ್ತಿಸುತ್ತವೆ; ತಪ್ಪು ಕೂಡುತ್ತಾ ಹೋಗಿ ಒಂದು ಗಂಟೆಯ ಹೊತ್ತಿಗೆ ಚೆಂಡೆಯ ಕೋಲಿಗೂ ಸದ್ದಿಗೂ ಸಂಬಂಧ ತಪ್ಪುತ್ತದೆ.

ಪರಿಹಾರ: ಡಿವಿಡಿಗೆ ಹೋಗುವ ಮೊದಲು, ವಿಡಿಯೋ ಫೈಲಿನ ರೂಪ ಬದಲಿಸುವ ಸಾಫ್ಟ್‌ವೇರಾದ ಹ್ಯಾಂಡ್‌ಬ್ರೇಕ್‌ನಲ್ಲಿ ಫೈಲನ್ನು ಒಮ್ಮೆ ಸ್ಥಿರವಾದ 25 ಚಿತ್ರಗಳ ನಡೆಗೆ ತಂದುಕೊಳ್ಳಿ, ಗುಣಮಟ್ಟ ಎತ್ತರದಲ್ಲಿಟ್ಟು. ಆಮೇಲೆ ಆ ಹೊಸ ಫೈಲನ್ನು ಡಿವಿಡಿ ಸಾಫ್ಟ್‌ವೇರಿಗೆ ಕೊಡಿ. ಸರಿಯಾಯಿತೇ ಎಂದು ಯಾವಾಗಲೂ ಕೊನೆಯ ಐದು ನಿಮಿಷ ನೋಡಿ ತೀರ್ಮಾನಿಸಿ.

ಮುಂದೆ ತೆಗೆಯುವಾಗ ಕ್ಯಾಮೆರಾ ಸೆಟ್ಟಿಂಗಿನಲ್ಲಿ 25 ಅಥವಾ 50 ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅದರಿಂದ ರಂಗಸ್ಥಳದ ಟ್ಯೂಬ್‌ಲೈಟ್ ಮಿಣುಗುವುದೂ ತಪ್ಪುತ್ತದೆ.

ಪಾಲ್, ಎನ್‌ಟಿಎಸ್‌ಸಿ ಎಂದು ಕೇಳುತ್ತದೆ. ಯಾವುದು ಒತ್ತಲಿ?

ಪಾಲ್. ಇವೆರಡೂ ಟಿವಿ ಚಿತ್ರದ ಪದ್ಧತಿಗಳ ಹೆಸರು. ಭಾರತದ್ದು ಪಾಲ್, ಮಗ ದುಬಾಯಿಯಲ್ಲಿದ್ದರೆ ಅಲ್ಲಿಯದೂ ಪಾಲ್. ಅಮೆರಿಕಕ್ಕೆ ಕಳಿಸುವ ಡಿಸ್ಕ್ ಮಾತ್ರ ಎನ್‌ಟಿಎಸ್‌ಸಿ ಆಗಬೇಕು, 720 ಗುಣಿಸು 480. ನಮ್ಮ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ, ಅಲ್ಲಿಯವು ಎಷ್ಟೋ ಪಾಲ್ ಓಡಿಸುವುದಿಲ್ಲ. ‘ರೀಜನ್’ ಎಂಬ, ಡಿಸ್ಕ್ ಯಾವ ದೇಶದಲ್ಲಿ ಓಡಬೇಕೆಂಬ ಗುರುತಿನ ಬಗ್ಗೆ ಚಿಂತೆ ಬೇಡ. ಮನೆಯಲ್ಲಿ ಮಾಡಿದ ಡಿಸ್ಕಿಗೆ ಆ ಬೇಲಿ ಇಲ್ಲ.

ಟಿವಿಯಲ್ಲಿ ಎಲ್ಲರ ಮುಖ ಉದ್ದವಾಗಿ ಕಾಣುತ್ತದೆ. ಅಥವಾ ಎಲ್ಲರೂ ದಪ್ಪಗಾಗಿದ್ದಾರೆ.

ಡಿವಿಡಿಯಲ್ಲಿ ಅಗಲ ಪರದೆಯ ಚಿತ್ರವೂ ಹಳೆಯ ಟಿವಿಯ ಚಿತ್ರವೂ ಅದೇ 720 ಗುಣಿಸು 576ರ ಚೌಕಟ್ಟಿನಲ್ಲಿ ಇರುತ್ತವೆ. 16:9 ಅಥವಾ 4:3 ಎಂಬ ಒಂದು ಗುರುತು ನೋಡಿ ಪ್ಲೇಯರ್ ಹಿಗ್ಗಿಸುತ್ತದೆ. ಆ ಗುರುತು ತಪ್ಪಿದರೆ ಮುಖ ಕೆಡುತ್ತದೆ. ಸಾಫ್ಟ್‌ವೇರಿನಲ್ಲಿ ಸರಿಪಡಿಸಿ ಮತ್ತೆ ಜೋಡಿಸಿ. ಅದಕ್ಕೂ ಮೊದಲು ಪ್ಲೇಯರಿನ ಸೆಟ್ಟಿಂಗಿನಲ್ಲಿ ಟಿವಿಯ ಬಗೆ ಸರಿಯಾಗಿದೆಯೇ ನೋಡಿ, ಅರ್ಧ ದೂರುಗಳು ಅಲ್ಲೇ ತೀರುತ್ತವೆ.

ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೋ ಟಿವಿಯಲ್ಲಿ ಪರದೆಯ ಮೂರನೇ ಒಂದು ಭಾಗವನ್ನೂ ತುಂಬುವುದಿಲ್ಲ, ಎರಡೂ ಬದಿ ಕಪ್ಪು. ಅದನ್ನು ಹಿಗ್ಗಿಸಲು ಹೋಗಬೇಡಿ. ಮನೆಯಲ್ಲಿ ಕ್ಯಾಮೆರಾ ಹಿಡಿಯುವ ಹುಡುಗರಿಗೆ ಮುಂದಿನ ಉಪನಯನದ ಮೊದಲೇ ಅಡ್ಡ ಹಿಡಿಯಲು ಹೇಳಿಕೊಡಿ.

ಅಟ್ಟದಲ್ಲಿ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಅವನ್ನೂ ಮಾಡಬಹುದೇ?

ಮಾಡಬಹುದು, ತಡ ಮಾಡಬೇಡಿ. ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಅದು ಬೂಸ್ಟು. ನಮ್ಮ ಮಳೆಗಾಲ ಅಟ್ಟದ ಪತ್ತಾಯದಲ್ಲಿಟ್ಟದ್ದನ್ನೂ ಬಿಡುವುದಿಲ್ಲ. ಅಂಥ ಕ್ಯಾಸೆಟ್ಟನ್ನು ವಿಸಿಆರಿಗೆ ಹಾಕಿದರೆ ಟೇಪೂ ಹರಿಯಬಹುದು, ಯಂತ್ರದ ತಲೆಗೆ ಅಂಟಿದ ಬೂಸ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಶುಚಿ ಮಾಡಲು ಬಲ್ಲವರ ಕೈಗೇ ಕೊಡಿ.

ಟೇಪು ಚೆನ್ನಾಗಿದ್ದರೆ ವಿಸಿಆರ್‌ನಿಂದ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ಓಡಿಸಿ ತುಂಬಿಸಿಕೊಳ್ಳಬೇಕು; ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಮಿನಿ ಡಿವಿ ಟೇಪಾದರೆ ಫೈರ್‌ವೈರ್ ತಂತಿಯಿಂದ ಒಂದಿಷ್ಟೂ ಗುಣ ಕೆಡದೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ ಜಾಗ ಇಟ್ಟುಕೊಳ್ಳಿ.

ಈ ಹಳೆಯ ಚಿತ್ರಗಳಲ್ಲಿ ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ ಹೆಣೆದಿರುತ್ತದೆ, ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸರಿ ಗೆರೆಗಳು. ಯಾವ ಅರ್ಧ ಮೊದಲು ಎಂದು ಸಾಫ್ಟ್‌ವೇರಿಗೆ ಸರಿಯಾಗಿ ಹೇಳಬೇಕು. ಮಿನಿ ಡಿವಿಯಲ್ಲಿ ಕೆಳಗಿನದು ಮೊದಲು. ತಪ್ಪಿದರೆ ನಡೆಯುವವರೆಲ್ಲ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡುಗುತ್ತಾ ಹೋಗುತ್ತಾರೆ. ಹೆಣಿಗೆಯನ್ನು ಬಿಡಿಸುವ ಅಗತ್ಯ ಡಿವಿಡಿಗೆ ಇಲ್ಲ, ಹಾಗೆಯೇ ಇರಲಿ.

ಮೆನು ಬೇಕೇ?

ಹಿರಿಯರಿಗೆ ಮಾಡುವ ಡಿಸ್ಕಿಗೆ ಬೇಡ. ಹಾಕಿದ ಕೂಡಲೇ ತಾನಾಗಿ ಶುರುವಾಗಬೇಕು. ಮಿಂಚುವ ಮೆನು ಬಂದು ನಿಂತು ಬಾಣದ ಗುಂಡಿ ಒತ್ತು ಎಂದರೆ ದೊಡ್ಡಮ್ಮ ಪ್ಲೇಯರ್ ಆರಿಸಿ ಅಡುಗೆಮನೆಗೆ ಹೋಗುತ್ತಾರೆ.

ಮೆನುವಿನ ಬದಲು ಅಧ್ಯಾಯಗಳನ್ನು ಹಾಕಿ, ರಿಮೋಟಿನ ಮುಂದಕ್ಕೆ ಗುಂಡಿ ಒತ್ತಿದರೆ ಜಿಗಿಯುವಂತೆ. ಸಾಫ್ಟ್‌ವೇರ್ ತಾನಾಗಿ ಐದೈದು ನಿಮಿಷಕ್ಕೆ ಹಾಕುತ್ತದೆ, ಅದನ್ನು ಅಳಿಸಿ ಪ್ರತಿ ಒಡ್ಡೋಲಗಕ್ಕೆ (ಪಾತ್ರಗಳ ರಂಗಪ್ರವೇಶ), ಪ್ರತಿ ಮುಖ್ಯ ಪದಕ್ಕೆ ನೀವೇ ಗುರುತು ಹಾಕಿ. ಒಂದು ಶೀರ್ಷಿಕೆಗೆ 99 ಅಧ್ಯಾಯಗಳವರೆಗೆ ಅವಕಾಶವಿದೆ. ಅರ್ಧ ಗಂಟೆಯ ಕೆಲಸ, ನೋಡುವವರು ವರ್ಷಗಟ್ಟಲೆ ನೆನೆಯುತ್ತಾರೆ.

ಮೊಮ್ಮಕ್ಕಳು ಮಲಯಾಳಂ ಮಾಧ್ಯಮದಲ್ಲಿ ಓದುತ್ತಾರೆ, ಅಜ್ಜನ ಅರ್ಥ ಅವರಿಗೆ ತಿಳಿಯುವುದಿಲ್ಲ. ಸಬ್‌ಟೈಟಲ್ ಹಾಕಬಹುದೇ?

ಈ ಪ್ರಶ್ನೆ ಬಂದಾಗ ನನಗೆ ಬಹಳ ಸಂತೋಷವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಡಿವಿಡಿಗೆ ಅದು ಕಷ್ಟವೇ ಅಲ್ಲ: 32 ಸಬ್‌ಟೈಟಲ್, ಎಂಟು ಧ್ವನಿಗಳು ಒಂದೇ ವಿಡಿಯೋದ ಜೊತೆ ಕೂರಬಹುದು. ಕನ್ನಡದ ಒಂದು, ಮಲಯಾಳಂನ ಒಂದು ಹಾಕಿ, ರಿಮೋಟಿನಿಂದ ಬದಲಿಸಿಕೊಳ್ಳಲಿ.

ತೊಂದರೆ ಬರುವುದು ಅಕ್ಷರಗಳಲ್ಲಿ. ಡಿವಿಡಿಯ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಚಿತ್ರವಾಗಿ ಇರುತ್ತದೆ. ಇದರಿಂದ ಒಂದು ಲಾಭ, ಪ್ಲೇಯರಿಗೆ ಕನ್ನಡ ಬರಬೇಕಾಗಿಲ್ಲ. ಆದರೆ ಆ ಚಿತ್ರವನ್ನು ಬಿಡಿಸುವ ಸಾಫ್ಟ್‌ವೇರಿಗೆ ಒತ್ತಕ್ಷರ ಜೋಡಿಸಲು ಬರಬೇಕು. ಬಾರದಿದ್ದರೆ ‘ಕೃಷ್ಣ’ದ ಣ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕೂರುತ್ತದೆ, ‘ಅರ್ಜುನ’ನ ಅರ್ಕಾವೊತ್ತು ಕಾಣೆಯಾಗುತ್ತದೆ. ಮೊದಲು ಹತ್ತು ಸಾಲು ಮಾತ್ರ ಹಾಕಿ ಪರೀಕ್ಷಿಸಿ. ಆಗದಿದ್ದರೆ ಸಾಲುಗಳನ್ನು ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಚಿತ್ರದ ಮೇಲೆ ಬರೆದುಬಿಡಿ; ಆಗ ಅವನ್ನು ಮುಚ್ಚಲು ಬರುವುದಿಲ್ಲ, ಆದರೆ ಕನ್ನಡ ಕನ್ನಡವಾಗಿ ಇರುತ್ತದೆ. ಹಳೆಯ ಟಿವಿಗಳು ಅಂಚನ್ನು ಕತ್ತರಿಸುತ್ತವೆ, ಅಕ್ಷರಗಳನ್ನು ಅಂಚಿನಿಂದ ಹತ್ತನೇ ಒಂದು ಭಾಗ ಒಳಗಿಡಿ.

ಯಾವ ಸಾಫ್ಟ್‌ವೇರ್ ಬಳಸಲಿ?

ಡಿವಿಡಿ ಸ್ಟೈಲರ್ ಉಚಿತ, ಪರಿವರ್ತನೆ ಮತ್ತು ಜೋಡಣೆ ಎರಡನ್ನೂ ಮಾಡುತ್ತದೆ, ಶುರು ಮಾಡುವವರಿಗೆ ಅದೇ ಸಾಕು. ಲಿನಕ್ಸಿನವರಿಗೆ ಡಿವೀಡಿ ಇದೆ. ವಿಂಡೋಸ್ 7ರಲ್ಲಿ ಒಳಗೇ ಬರುತ್ತಿದ್ದ ಡಿವಿಡಿ ಮೇಕರ್ ಅನ್ನು ವಿಂಡೋಸ್ 8ರಿಂದ ತೆಗೆದುಹಾಕಿದರು, ಹುಡುಕಬೇಡಿ. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುವುದಿಲ್ಲ, ನಾನು ಮೇಲೆ ಹೇಳಿದ ಪೂರ್ವಸಿದ್ಧತೆಗಷ್ಟೇ. ನೇರ ಡಿಸ್ಕಿಗೆ ಹೋಗದೆ ಮೊದಲು ಇಡೀ ಡಿಸ್ಕಿನ ಪ್ರತಿರೂಪವಾದ ಐಎಸ್‌ಓ ಫೈಲ್ ಮಾಡಿ, ವಿಎಲ್‌ಸಿಯಲ್ಲಿ ತೆರೆದು ಪೂರ್ತಿ ನೋಡಿ, ತೃಪ್ತಿಯಾದರೆ ಇಮ್ಗ್‌ಬರ್ನ್‌ನಿಂದ ಬರ್ನ್ ಮಾಡಿ. ಎಷ್ಟೋ ಡಿಸ್ಕುಗಳು ಇದರಿಂದ ಉಳಿಯುತ್ತವೆ.

ಡಿಸ್ಕಿನಲ್ಲಿ ಮೈನಸ್ ಆರ್, ಪ್ಲಸ್ ಆರ್, ಆರ್‌ಡಬ್ಲ್ಯೂ ಎಂದಿದೆ. ಯಾವುದು?

ಹಳೆಯ ಪ್ಲೇಯರಿಗೆ ಮೈನಸ್ ಆರ್. ಪ್ಲಸ್ ಆರ್ ಕೂಡ ಈಗ ಹೆಚ್ಚಿನವುಗಳಲ್ಲಿ ಓಡುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳು ಅದನ್ನು ಗುರುತಿಸದೇ ಹೋಗುತ್ತವೆ. ಆದರೆ ಮೊದಲ ಪ್ರಯೋಗಕ್ಕೆ ಒಂದು ಆರ್‌ಡಬ್ಲ್ಯೂ ಇಟ್ಟುಕೊಳ್ಳುವುದು ಒಳ್ಳೆಯದು. 8.5 ಜಿಬಿಯ ಎರಡು ಪದರದ ಡಿಸ್ಕ್ ದುಬಾರಿ, ಪದರ ಬದಲಾಗುವಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಎರಡು ಸಾಧಾರಣ ಡಿಸ್ಕ್ ಮೇಲು.

ಡಿಸ್ಕಿನ ಮೇಲೆ ವೇಗ 16ಎಕ್ಸ್ ಎಂದು ಬರೆದಿದ್ದರೂ 8ಎಕ್ಸಿನಲ್ಲೇ ಬರ್ನ್ ಮಾಡಿ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯಲ್ಲಿ ‘ಫೈನಲೈಸ್’, ಎಂದರೆ ಬರಹವನ್ನು ಮುಗಿಸಿ ಮುಚ್ಚುವುದು, ಆಗಲೇಬೇಕು; ಆಗದ ಡಿಸ್ಕ್ ಹೆಚ್ಚಿನ ಪ್ಲೇಯರುಗಳಲ್ಲಿ ಓಡದು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಆ ಡಿಸ್ಕ್ ಹೋಯಿತೆಂದೇ ಲೆಕ್ಕ.

ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ರೈಟರ್ ಸಿಗುತ್ತದೆ. ತಂತಿಯನ್ನು ಹಬ್ ಮೂಲಕ ಕೊಡದೆ ನೇರವಾಗಿ ಲ್ಯಾಪ್‌ಟಾಪಿಗೇ ಕೊಡಿ, ಇಲ್ಲದಿದ್ದರೆ ಬರೆಯುವಾಗ ಶಕ್ತಿ ಸಾಲದೆ ನಿಲ್ಲಬಹುದು.

‘ಸಿಡಿಗೆ’ ಹಾಕಿಕೊಡಿ ಎಂದರೆ ಆಗುತ್ತದೆಯೇ?

ನಮ್ಮ ಊರಿನಲ್ಲಿ ಎಲ್ಲ ಡಿಸ್ಕಿಗೂ ಸಿಡಿ ಎಂದೇ ಹೆಸರು, ಹಾಗಾಗಿ ಕೇಳುತ್ತೇನೆ. ನಿಜವಾದ ವಿಸಿಡಿ ಎಂದರೆ 352 ಗುಣಿಸು 288, ಒಂದು ಡಿಸ್ಕಿಗೆ 80 ನಿಮಿಷ. ವಿಸಿಡಿ ಮಾತ್ರ ಓಡಿಸುವ ಯಂತ್ರ ಮನೆಯಲ್ಲಿದ್ದರಷ್ಟೇ ಅದನ್ನು ಮಾಡಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಅಥವಾ ಯಕ್ಷಗಾನ ಡಿವಿಡಿಯ ನಕಲು ಮಾಡಿಕೊಡುತ್ತೀರಾ?

ಇಲ್ಲ. ಅದು ಮಾಡಿದವರ ಸೊತ್ತು. ಆಟವನ್ನು ನೀವೇ ಚಿತ್ರೀಕರಿಸಿದ್ದರೂ ಮೇಳದವರ ಅನುಮತಿ ಕೇಳಿ ಚಿತ್ರೀಕರಿಸಿರಬೇಕು. ವೇದಿಕೆಯಲ್ಲಿ ಪ್ರದರ್ಶಿಸುವ ಕಲಾವಿದರಿಗೂ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಕ್ಕಿದೆ. ಮನೆಯಲ್ಲಿ ನೋಡಲು ಮಾಡಿದ್ದು ಮನೆಯಲ್ಲಿರಲಿ.

ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ? ಮಾಡಿದ ಮೇಲೆ ಮೂಲ ಫೈಲು ಅಳಿಸಬಹುದೇ?

ಅಳಿಸಬೇಡಿ. ಇದೊಂದನ್ನು ನನ್ನ ನೋವಿನಿಂದ ಹೇಳುತ್ತಿದ್ದೇನೆ.

ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಭೀಷ್ಮನ ಅರ್ಥ ಹೇಳುತ್ತಿದ್ದರು. ಒಮ್ಮೆ ಮನೆಯ ಚಾವಡಿಯಲ್ಲೇ ನಡೆದ ಕೂಟವನ್ನು ನಾನು ಪೂರ್ತಿ ತೆಗೆದಿದ್ದೆ. ಡಿಸ್ಕ್ ಮಾಡಿ ಕೊಟ್ಟೆ, ಎಲ್ಲರೂ ನೋಡಿ ಮೆಚ್ಚಿದರು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಸಾಲದೆ ಮೂಲ ಫೈಲನ್ನು ಅಳಿಸಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮೊದಲ ತಿಥಿಗೆ ಹಾಕೋಣವೆಂದು ತೆಗೆದರೆ ಆ ಡಿಸ್ಕ್ ಪಡುವಣ ಕಿಟಕಿಯ ದಂಡೆಯ ಮೇಲೆ ಕವಚವಿಲ್ಲದೆ ಒಂದು ಬೇಸಿಗೆ ಕಳೆದಿತ್ತು. ಮೊದಲ ಎರಡು ಗಂಟೆ ಚೆನ್ನಾಗಿ ಓಡಿತು. ಕೃಷ್ಣ ಚಕ್ರ ಹಿಡಿದು ಬಂದಾಗ ಭೀಷ್ಮ ಕೈಮುಗಿದು ಮಾತು ಎತ್ತುವಲ್ಲಿಗೆ ಚಿತ್ರ ನಿಂತಿತು. ಇನ್ನೆರಡು ಕಂಪ್ಯೂಟರುಗಳಲ್ಲಿ, ಹಾಳಾದ ಡಿಸ್ಕ್ ಓದುವ ಡಿಡಿ ರೆಸ್ಕ್ಯೂನಲ್ಲಿ, ಎಲ್ಲ ಕಡೆ ಪ್ರಯತ್ನಿಸಿದೆ. ಮುಂದೆ ಹನ್ನೊಂದು ನಿಮಿಷ ಮಾತ್ರ ಸಿಕ್ಕಿತು, ಅದೂ ತುಂಡು ತುಂಡಾಗಿ. ಆ ಕೊನೆಯ ಮಾತುಗಳನ್ನು ದೊಡ್ಡಮ್ಮ ಬಾಯಿಪಾಠ ಒಪ್ಪಿಸಬಲ್ಲರು. ದನಿ ಮಾತ್ರ ಇಲ್ಲ.

ಕಾರಣ ಹೀಗೆ. ಬರ್ನ್ ಮಾಡುವ ಡಿಸ್ಕಿನ ಒಳಗೆ ಒಂದು ಬಣ್ಣದ ಪದರವಿದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಬರೆಯುವುದು ನಡುವಿನಿಂದ ಅಂಚಿಗೆ, ಕೆಡುವುದು ಹೆಚ್ಚಾಗಿ ಅಂಚಿನಿಂದ ಒಳಕ್ಕೆ. ತುಂಬಿದ ಡಿಸ್ಕಿನಲ್ಲಿ ಮೊದಲು ಹೋಗುವುದು ಕೊನೆಯ ಭಾಗವೇ. ಈಗ ನಾನು ಡಿಸ್ಕನ್ನು ಪೂರ್ತಿ ತುಂಬುವುದಿಲ್ಲ, ಅಂಚಿನಲ್ಲಿ ಒಂದಿಷ್ಟು ಬಿಡುತ್ತೇನೆ.

ಮೂಲ ಫೈಲನ್ನು ಎರಡು ಬೇರೆ ಹಾರ್ಡ್‌ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇಡಿ. ಡಿವಿಡಿಗೆ ಇಳಿಸಿದ್ದರಿಂದ ಮೂಲವನ್ನು ಮರಳಿ ಪಡೆಯಲಾಗದು. 1080 ಗೆರೆಗಳಲ್ಲಿ ತೆಗೆದದ್ದು 576ಕ್ಕೆ ಇಳಿದಾಗ ಹೋದದ್ದು ಹೋದದ್ದೇ. ಡಿಸ್ಕುಗಳನ್ನು ಕವಚದಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಒಣ ಕಪಾಟಿನಲ್ಲಿಡಿ. ವರ್ಷಕ್ಕೊಮ್ಮೆ ಕೊನೆಯ ಅಧ್ಯಾಯ ಓಡಿಸಿ ನೋಡಿ, ತಡವರಿಸಿದರೆ ಹೊಸದು ಮಾಡಿ.

ಒರೆಸುವುದು ಹೇಗೆ?

ಮೆತ್ತನೆಯ ಹತ್ತಿಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ. ತಟ್ಟೆ ಒರೆಸುವ ಹಾಗೆ ಸುತ್ತ ಒರೆಸಿದರೆ ಬೀಳುವ ಗೀರು ಬರಹದ ಜಾಡಿನುದ್ದಕ್ಕೂ ಹೋಗಿ ಹೆಚ್ಚು ಹಾಳು ಮಾಡುತ್ತದೆ.

ಡಿಸ್ಕಿನ ಮೇಲೆ ಏನು ಬರೆಯಬೇಕು?

ಕಾಗದದ ಲೇಬಲ್ ಅಂಟಿಸಬೇಡಿ. ತೇವಕ್ಕೆ ಅದು ಸುಕ್ಕಾಗಿ ಡಿಸ್ಕ್ ತೂಕ ತಪ್ಪಿ ತಿರುಗುತ್ತದೆ. ಮೆತ್ತನೆ ತುದಿಯ ಮಾರ್ಕರ್ ಪೆನ್ನಿನಿಂದ ಬರೆಯಿರಿ, ಬಾಲ್‌ಪೆನ್ ಬೇಡ. ಪ್ರಸಂಗದ ಹೆಸರು, ಊರು, ತಾರೀಕು, ಭಾಗವತರು ಯಾರು, ಚೆಂಡೆ ಮದ್ದಳೆ ಯಾರದು, ಮುಖ್ಯ ವೇಷಗಳು ಯಾರವು, ಎಷ್ಟರಲ್ಲಿ ಎಷ್ಟನೆಯ ಡಿಸ್ಕ್. ಮದುವೆಯಾದರೆ ಎರಡೂ ಮನೆಗಳ ಹೆಸರು. ಡಿಸ್ಕಿನ ಮೇಲೆ ಹಿಡಿಸದ್ದನ್ನು ಒಂದು ಚೀಟಿಯಲ್ಲಿ ಬರೆದು ಕವಚದೊಳಗಿಡಿ. ಅಕ್ಷರ ದಪ್ಪಗಿರಲಿ, ಕನ್ನಡಕ ಹುಡುಕದೆ ಓದುವಷ್ಟು. ಶಾಯಿ ಪೂರ್ತಿ ಒಣಗಿದ ಮೇಲೆ ಕವಚಕ್ಕೆ ಹಾಕಿ.